ಸೆರೆಯಾಳು ಕವಿ ಮೂಸಾ ಜಲೀಲ್

ಯುದ್ಧದಲ್ಲಿ ಮಡಿದ ಯೋಧರ ಮನೆಗಳಲ್ಲಿ ಕೆಲವು ವಸ್ತುಗಳು ಉಳಿದುಕೊಂಡಿರುತ್ತವೆ. ರಣರಂಗದಿಂದ ಬರೆದ ನಾಲ್ಕಾರು ಕಾಗದಗಳು, ಒಂದು ಭಾವಚಿತ್ರ, ಒಂದು ಪದಕ, ಒಮ್ಮೊಮ್ಮೆ ಒಂದು ಕೈಗಡಿಯಾರ. ಮನೆಯವರು ಅವುಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಹಬ್ಬಹುಣ್ಣಿಮೆಗಳಂದು ಹೊರತೆಗೆದು ನೋಡಿ ಕಣ್ಣೀರು ಒರೆಸಿಕೊಳ್ಳುತ್ತಾರೆ. ಆದರೆ ಶತ್ರುವಿನ ಸೆರೆಯಲ್ಲಿ ಸತ್ತವನ ಮನೆಗೆ ಅಷ್ಟೂ ಬಂದು ಸೇರುವುದು ಅಪರೂಪ. ಅವನು ಎಲ್ಲಿ ಸತ್ತನು, ಹೇಗೆ ಸತ್ತನು, ಕೊನೆಯ ಗಳಿಗೆಯಲ್ಲಿ ಯಾರನ್ನು ನೆನೆದನು ಎಂಬುದು ಹಲವು ವೇಳೆ ಯಾರಿಗೂ ತಿಳಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೀಗೆ ಸೆರೆಯಲ್ಲಿ ಪ್ರಾಣಬಿಟ್ಟವರಲ್ಲಿ ತಾತಾರ್ ಭಾಷೆಯ ಕವಿ ಮೂಸಾ ಜಲೀಲನೂ ಒಬ್ಬನು. ಅವನು ತನ್ನ ಹಿಂದೆ ಬಿಟ್ಟುಹೋದ ಆಸ್ತಿ ಅಂಗೈಯಗಲದ ಎರಡು ಪುಸ್ತಕಗಳು. ಅವು ಕೂಡ ಅಚ್ಚಾದ ಪುಸ್ತಕಗಳಲ್ಲ. ಕಾಗದದ ಚೂರುಗಳನ್ನು ಸೇರಿಸಿ ಕೈಯಿಂದಲೇ ಹೊಲಿದವು. ಅವು ನಾಶವಾಗಿದ್ದಿದ್ದರೆ ಲೋಕವು ಅವನನ್ನು ದೇಶದ್ರೋಹಿಯೆಂದೇ ಎಣಿಸುತ್ತಿತ್ತೋ ಏನೋ. ಆ ಮಹನೀಯನ ಜೀವಿತವನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸಿದೆ.

ರಷ್ಯಾ ದೇಶದ ನಡುವೆ ಹರಿಯುವ ವೋಲ್ಗಾ ನದಿಯ ತೀರದಲ್ಲಿ ಬಹು ಕಾಲದಿಂದ ನೆಲೆಸಿರುವ ಜನರು ತಾತಾರರು. ಅವರ ನುಡಿ ತುರ್ಕಿ ಭಾಷಾವರ್ಗಕ್ಕೆ ಸೇರಿದ್ದು; ರಷ್ಯನ್ ಭಾಷೆಗೂ ಅದಕ್ಕೂ ಬಳಗದ ಸಂಬಂಧವಿಲ್ಲ. ಅವರಲ್ಲಿ ಬಹುಮಂದಿ ಇಸ್ಲಾಂ ಮತವನ್ನು ಅನುಸರಿಸುವವರು. ಕಜಾನ್ ನಗರವು ಅವರ ಪ್ರಾಚೀನ ರಾಜಧಾನಿ. 1552ರಲ್ಲಿ ರಷ್ಯಾದ ನಾಲ್ಕನೆಯ ಇವಾನನು ಆ ನಗರವನ್ನು ಗೆದ್ದುಕೊಂಡ ಮೇಲೆ ತಾತಾರರು ಸ್ವಾತಂತ್ರ್ಯವನ್ನು ಕಳೆದುಕೊಂಡರು. ಆದರೆ ತಮ್ಮ ನುಡಿಯನ್ನೂ ಹಾಡುಗಳನ್ನೂ ಕಳೆದುಕೊಳ್ಳಲಿಲ್ಲ. ಇಂತಹ ಜನಾಂಗದ ಒಂದು ಬಡ ಸಂಸಾರದಲ್ಲಿ, ಒರೆನ್‌ಬುರ್ಗ್ ಪ್ರಾಂತ್ಯದ ಮುಸ್ತಾಫಿನೊ ಎಂಬ ಹಳ್ಳಿಯಲ್ಲಿ, 1906ನೆಯ ಇಸವಿ ಫೆಬ್ರವರಿ 15ರಂದು ಮೂಸಾ ಹುಟ್ಟಿದನು. ತಂದೆಯ ಹೆಸರು ಮುಸ್ತಫಾ, ತಾಯಿಯ ಹೆಸರು ರಹೀಮಾ. ಮನೆತನದ ಹೆಸರು ಜಲೀಲೊವ್ ಎಂದಿದ್ದು, ಕಾವ್ಯನಾಮವಾಗಿ ಅದು ಜಲೀಲ್ ಎಂದಾಯಿತು.

ಮಗುವು ತೊಟ್ಟಿಲಲ್ಲಿದ್ದಾಗಲೇ ಕೇಳಿದ್ದು ತಾಯಿಯ ಹಾಡು. ಬೆಳೆದಂತೆ ಕೇಳಿದ್ದು ಅಜ್ಜಿಯ ಕಥೆಗಳು. ಶ್ರೀಮಂತರ ಮನೆಯ ಪುಸ್ತಕಭಂಡಾರವು ಮಾಡುವ ಕೆಲಸವನ್ನು ಈ ಬಡವರ ಮನೆಯಲ್ಲಿ ಇಬ್ಬರು ಹೆಂಗಸರ ಕಂಠವೇ ಮಾಡಿತು. ಸಂಸಾರವು ಜೀವನೋಪಾಯವನ್ನು ಅರಸಿ ಒರೆನ್‌ಬುರ್ಗ್ ನಗರಕ್ಕೆ ಬಂದಿತು. ಅಲ್ಲಿಯ ಹುಸೇನಿಯಾ ಮದರಸದಲ್ಲಿ ಮೂಸಾನ ವಿದ್ಯಾಭ್ಯಾಸವು ಆರಂಭವಾಯಿತು. ಆ ಶಾಲೆಯಲ್ಲಿ ಮತಗ್ರಂಥಗಳ ಜೊತೆಗೆ ಗಣಿತ, ಸಾಹಿತ್ಯ, ಸಂಗೀತಗಳ ಪರಿಚಯವೂ ದೊರೆಯುತ್ತಿತ್ತು. ಹುಡುಗನು ಚಿಕ್ಕಂದಿನಲ್ಲಿಯೇ ಪದ್ಯಗಳನ್ನು ಕಟ್ಟತೊಡಗಿದನು.

ಅಷ್ಟರಲ್ಲಿ ದೇಶದಲ್ಲಿ ಬಿರುಗಾಳಿ ಬೀಸಿತು. 1917ರಲ್ಲಿ ಮಹಾಕ್ರಾಂತಿಯಾಗಿ ರಷ್ಯಾದ ಚಕ್ರವರ್ತಿಯು ಸಿಂಹಾಸನವನ್ನು ಬಿಟ್ಟಿಳಿದನು. ಅದರ ಹಿಂದೆಯೇ ಅಂತರ್ಯುದ್ಧವು ಹತ್ತಿಕೊಂಡಿತು. 1919ರಲ್ಲಿ, ಹದಿಮೂರು ವರ್ಷದ ಬಾಲಕನಾಗಿದ್ದಾಗ, ಮೂಸಾನ ಮೊದಲ ಕವನವು ಸೈನಿಕರಿಗಾಗಿ ಹೊರಡುತ್ತಿದ್ದ ತಾತಾರ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆದರೆ ಹೆಸರು ಅಚ್ಚಿನಲ್ಲಿ ಬಂದುದರಿಂದ ಹೊಟ್ಟೆ ತುಂಬಲಿಲ್ಲ. ತಂದೆಯು ತೀರಿಕೊಂಡನು. 1921ರಲ್ಲಿ ವೋಲ್ಗಾ ಪ್ರಾಂತ್ಯಗಳನ್ನು ಘೋರ ಕ್ಷಾಮವು ಆವರಿಸಿ ಲಕ್ಷಾಂತರ ಜನರನ್ನು ನುಂಗಿತು. ಆ ದುರ್ಭಿಕ್ಷದ ದಿನಗಳಲ್ಲಿ ಮೂಸಾ ಬೀದಿಯ ಪಾಲಾಗಿ, ತುತ್ತು ಅನ್ನಕ್ಕಾಗಿ ಅಲೆದನು. ಬಡತನವೇನೆಂಬುದನ್ನು ಅವನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1922ರಲ್ಲಿ ಅವನು ಕಜಾನ್ ನಗರವನ್ನು ಸೇರಿದನು. ಕೆಲಸ ಮಾಡಿಕೊಂಡೇ ಓದಿದನು. 1925ರಲ್ಲಿ ಅವನ ಮೊದಲ ಕವನಸಂಗ್ರಹವು ಹೊರಬಂದಿತು. 1927ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯವನ್ನು ಸೇರಿ, ಸಾಹಿತ್ಯವನ್ನು ಅಭ್ಯಾಸ ಮಾಡಿ, 1931ರಲ್ಲಿ ತೇರ್ಗಡೆಯಾದನು.

ಇಲ್ಲಿ ಒಂದು ಸಂಗತಿಯನ್ನು ನಮ್ಮ ಶಾಲೆಯ ಬಾಲಬಾಲಿಕೆಯರು ವಿಶೇಷವಾಗಿ ಗಮನಿಸಬೇಕು. ಮಾಸ್ಕೋ ರಷ್ಯನ್ ಭಾಷೆಯ ಮಹಾನಗರ. ಹೊಟ್ಟೆಪಾಡಿಗಾಗಿ ಬಂದ ಸಾವಿರಾರು ತಾತಾರರು ಅಲ್ಲಿ ವಾಸವಾಗಿದ್ದರು. ಬೀದಿಯಲ್ಲಿ, ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಎಲ್ಲೆಲ್ಲಿಯೂ ರಷ್ಯನ್ನೇ ಕಿವಿಗೆ ಬೀಳುತ್ತಿತ್ತು. ಅಂತಹ ನಗರದಲ್ಲಿದ್ದುಕೊಂಡು ಜಲೀಲನು ತಾತಾರ್ ಭಾಷೆಯಲ್ಲಿ ಮಕ್ಕಳ ಮಾಸಪತ್ರಿಕೆಗಳ ಸಂಪಾದಕನಾಗಿ ದುಡಿದನು. ಮಕ್ಕಳಿಗೆ ಪದ್ಯಗಳನ್ನು ಬರೆದನು, ಮಕ್ಕಳ ಕಾಗದಗಳಿಗೆ ಉತ್ತರ ಬರೆದನು. ರಷ್ಯನ್ ಭಾಷೆಯನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು. ಆ ಭಾಷೆಯ ಸಾಹಿತ್ಯವನ್ನು ಪ್ರೀತಿಸಿದನು. ಅದರಿಂದ ತನ್ನ ನುಡಿಗೆ ಅನುವಾದಗಳನ್ನೂ ಮಾಡಿದನು. ಆದರೆ ಹೃದಯದ ಮಾತನ್ನು ಹೇಳಬೇಕಾದಾಗ ತಾಯಿಯ ಭಾಷೆಯನ್ನೇ ಹಿಡಿದನು. ನಗರದ ಭಾಷೆಯನ್ನು ಕಲಿಯುವುದಕ್ಕೂ ಮನೆಯ ಭಾಷೆಯನ್ನು ಉಳಿಸಿಕೊಳ್ಳುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಅವನ ಬಾಳು ಒಳ್ಳೆಯ ನಿದರ್ಶನ.

ಅವನ ಕಾಲದಲ್ಲಿ ತಾತಾರ್ ಭಾಷೆಯ ಲಿಪಿಯೇ ಎರಡು ಬಾರಿ ಬದಲಾಯಿತು. ಮದರಸದಲ್ಲಿ ಅವನು ಕಲಿತದ್ದು ಅರಬ್ಬೀ ಲಿಪಿ. 1920ರ ದಶಕದ ಕೊನೆಯಲ್ಲಿ ಸರಕಾರವು ಅದನ್ನು ಬಿಡಿಸಿ ಲ್ಯಾಟಿನ್ ಲಿಪಿಯನ್ನು ಜಾರಿಗೆ ತಂದಿತು. ಸುಮಾರು ಹತ್ತು ವರ್ಷಗಳಲ್ಲಿ ಅದೂ ಹೋಗಿ ರಷ್ಯನ್ ಭಾಷೆಗೆ ಬಳಸುವ ಸಿರಿಲಿಕ್ ಲಿಪಿಯು ಬಂದಿತು. ಒಬ್ಬನೇ ಮನುಷ್ಯನು ಒಂದೇ ಭಾಷೆಯನ್ನು ಮೂರು ಲಿಪಿಗಳಲ್ಲಿ ಬರೆಯಬೇಕಾಯಿತು. ಈ ಸಂಗತಿಯು ಮುಂದೆ ನಮ್ಮ ಕಥೆಯಲ್ಲಿ ಪ್ರಯೋಜನಕ್ಕೆ ಬರುವುದು.

1935ರಿಂದ ಮಾಸ್ಕೋದ ಸಂಗೀತ ವಿದ್ಯಾಲಯದ ತಾತಾರ್ ಶಾಖೆಯಲ್ಲಿ ಅವನು ಕೆಲಸ ಮಾಡಿದನು. ತಾತಾರರಿಗೆ ತಮ್ಮದೇ ಆದ ಗೇಯನಾಟಕ ಬೇಕೆಂಬುದು ಅವನ ಹಂಬಲ. ಜಾನಪದ ಕಥೆಗಳನ್ನು ಆಧರಿಸಿ ಅವನು ರಚಿಸಿದ ಆಲ್ತಿನ್‌ಚೆಚ್, ಎಂದರೆ ಹೊನ್ನಗೂದಲಿನ ಹುಡುಗಿ, ಎಂಬ ಗೇಯನಾಟಕಕ್ಕೆ ನಜೀಬ್ ಜಿಗಾನೊವನು ರಾಗಸಂಯೋಜನೆ ಮಾಡಿದನು. 1941ರಲ್ಲಿ ಅದು ಕಜಾನಿನಲ್ಲಿ ಪ್ರದರ್ಶಿತವಾಯಿತು. ಅಷ್ಟು ಹೊತ್ತಿಗೆ ಜಲೀಲನು ಕಜಾನಿಗೆ ಹಿಂತಿರುಗಿ, ತಾತಾರ್ ಲೇಖಕರ ಸಂಘಕ್ಕೆ ಅಧ್ಯಕ್ಷನಾಗಿದ್ದನು. ಪತ್ನಿ ಆಮಿನಾ, 1937ರಲ್ಲಿ ಹುಟ್ಟಿದ ಪುಟ್ಟ ಮಗಳು ಚುಲ್ಪಾನ್, ಕೈತುಂಬ ಕೆಲಸ, ಜನರ ಪ್ರೀತಿ. ಹೀಗೆ ಅವನ ಸಂಸಾರವು ನೆಮ್ಮದಿಯಾಗಿತ್ತು. ಚುಲ್ಪಾನ್ ಎಂದರೆ ತಾತಾರ್ ಭಾಷೆಯಲ್ಲಿ ಬೆಳ್ಳಿ ಚುಕ್ಕೆ.

1941ನೆಯ ಇಸವಿ ಜೂನ್ 22ರಂದು ಹಿಟ್ಲರನ ಸೇನೆಗಳು ಸೋವಿಯತ್ ಒಕ್ಕೂಟದ ಮೇಲೆ ಬಿದ್ದವು. ಜಲೀಲನಿಗೆ ಆಗ ಮೂವತ್ತೈದು ವರ್ಷ. ಸಾಹಿತಿಗಳ ಮುಖ್ಯಸ್ಥನಾದ ಅವನು ಊರಿನಲ್ಲಿಯೇ ಉಳಿಯಬಹುದಾಗಿತ್ತು. ಆದರೆ ಅವನು ಜುಲೈ ತಿಂಗಳಲ್ಲಿಯೇ ಸೈನ್ಯವನ್ನು ಸೇರಿದನು. ತರಬೇತಿಯು ಮುಗಿದ ಮೇಲೆ ರಾಜಕೀಯ ಶಿಕ್ಷಕನೆಂಬ ಅಧಿಕಾರಪದವಿಯೊಡನೆ ವೋಲ್ಖೋವ್ ರಣರಂಗಕ್ಕೆ ಹೋದನು. ಅಲ್ಲಿ ಎರಡನೆಯ ಆಘಾತ ಸೇನೆಯೆಂಬ ದಳಕ್ಕೆ ಸೇರಿದ ಪತ್ರಿಕೆಯಲ್ಲಿ ಯುದ್ಧವಾರ್ತೆಗಳನ್ನು ಬರೆಯುವ ಕೆಲಸವು ಅವನದಾಯಿತು.

ಆ ದಿನಗಳಲ್ಲಿ ಸೋವಿಯತ್ ಸೈನಿಕರ ಕಾಗದಗಳಿಗೆ ಲಕೋಟೆಯಿರಲಿಲ್ಲ. ಬರೆದ ಹಾಳೆಯನ್ನೇ ಮುಮ್ಮೂಲೆಯಾಗಿ ಮಡಿಸಿ, ಮೇಲೆ ವಿಳಾಸವನ್ನು ಬರೆದು ಅಂಚೆಗೆ ಕೊಡುತ್ತಿದ್ದರು. ಅಂಚೆಚೀಟಿಯೂ ಬೇಕಾಗಿರಲಿಲ್ಲ. ಅಧಿಕಾರಿಗಳು ಅದನ್ನು ಬಿಚ್ಚಿ ಓದಿ, ಮುದ್ರೆಯೊತ್ತಿ ಮುಂದಕ್ಕೆ ಕಳಿಸುತ್ತಿದ್ದರು. ಜಲೀಲನೂ ಆಮಿನಾಳಿಗೆ, ನಾಲ್ಕು ವರ್ಷದ ಮಗಳಿಗೆ, ಗೆಳೆಯರಿಗೆ ಕಾಗದಗಳನ್ನು ಬರೆದನು. ಮಗಳನ್ನು ಕುರಿತು ಒಂದು ಕವನವನ್ನೂ ಬರೆದನು. ರಣರಂಗದ ಕಡೆಗೆ ಹೊರಟ ದಿನಗಳ ಪತ್ರವೊಂದರಲ್ಲಿ ಮರಣದ ವಿಚಾರವೂ ಬಂದಿದೆ. ಸತ್ತ ಮೇಲೆ ಮನುಷ್ಯನಿಗೆ ಉಳಿಯುವ ಬಾಳು ಜನರ ನೆನಪಿನಲ್ಲಿರುವ ಬಾಳು. ಬದುಕಿರುವಾಗ ಬೆಲೆಯುಳ್ಳ ಕಾರ್ಯವನ್ನು ಮಾಡಿದವನು ಆ ಬಾಳಿಗೆ ಅರ್ಹನಾಗುತ್ತಾನೆ ಎಂಬುದು ಅವನ ಭಾವನೆ. ತನ್ನ ಬರಹಗಳ ಜವಾಬ್ದಾರಿಯನ್ನು ಅವನು ವಿಮರ್ಶಕನಾದ ಗಾಜಿ ಕಶ್ಶಾಫ್ ಎಂಬ ಗೆಳೆಯನಿಗೆ ವಹಿಸಿದನು. ಮೃತ್ಯುವಿನ ಕಡೆಗೆ ಹೊರಟವನು ಮನೆಮಾರಿನ ವ್ಯವಸ್ಥೆ ಮಾಡುವಂತೆ, ಈ ಕವಿಯು ಕವಿತೆಗಳ ವ್ಯವಸ್ಥೆ ಮಾಡಿದನು.

ಎರಡನೆಯ ಆಘಾತ ಸೇನೆಗೆ ಒಪ್ಪಿಸಿದ ಕೆಲಸವು ಕಠಿಣವಾದುದು. ಜರ್ಮನರು ಲೆನಿನ್‌ಗ್ರಾಡ್ ನಗರಕ್ಕೆ ಮುತ್ತಿಗೆ ಹಾಕಿದ್ದರು. ಒಳಗೆ ಜನರು ಹಸಿವೆಯಿಂದ ಸಾಯುತ್ತಿದ್ದರು. ಆ ಮುತ್ತಿಗೆಯನ್ನು ಮುರಿಯುವುದಕ್ಕಾಗಿ ಈ ಸೇನೆಯು 1942ರ ಚಳಿಗಾಲದಲ್ಲಿ ಶತ್ರುಗಳ ಸಾಲನ್ನು ಭೇದಿಸಿ ಒಳಕ್ಕೆ ನುಗ್ಗಿತು. ಜರ್ಮನರು ಹಿಂದಿನ ದಾರಿಯನ್ನು ಕತ್ತರಿಸಿದರು. ವಸಂತವು ಬಂದು ಹಿಮವು ಕರಗಿದಾಗ ಆ ಪ್ರದೇಶವೆಲ್ಲ ಜೌಗಾಯಿತು. ಆಹಾರವಿಲ್ಲ, ಮದ್ದುಗುಂಡುಗಳಿಲ್ಲ, ಗಾಯಾಳುಗಳನ್ನು ಸಾಗಿಸಲು ದಾರಿಯಿಲ್ಲ. 1942ರ ಜೂನ್ ತಿಂಗಳ ಕೊನೆಯಲ್ಲಿ, ಮ್ಯಾಸ್ನೋಯ್ ಬೋರ್ ಎಂಬ ಹಳ್ಳಿಯ ಹತ್ತಿರ, ಮುತ್ತಿಗೆಯಿಂದ ಹೊರಬೀಳಲು ಹೋರಾಡುತ್ತಿದ್ದಾಗ ಜಲೀಲನು ತೀವ್ರವಾಗಿ ಗಾಯಗೊಂಡು ಶತ್ರುಗಳ ಕೈಗೆ ಸಿಕ್ಕಿದನು. ಕೊನೆಯ ಗಳಿಗೆಯಲ್ಲಿ ತನ್ನ ಪಿಸ್ತೂಲೂ ತನಗೆ ಕೈಕೊಟ್ಟಿತೆಂದು ಮುಂದೆ ಸೆರೆಯಲ್ಲಿ ಬರೆದ ಕವನವೊಂದರಲ್ಲಿ ಅವನು ಹಲುಬಿದ್ದಾನೆ.

ಅಂದಿನಿಂದ ಮನೆಗೆ ಮುಮ್ಮೂಲೆಯ ಕಾಗದಗಳು ಬರುವುದು ನಿಂತುಹೋಯಿತು.

ಬ್ರಿಟಿಷ್ ಸೈನ್ಯದವರು ಜರ್ಮನರ ಸೆರೆಯಲ್ಲಿದ್ದಾಗ ರೆಡ್ ಕ್ರಾಸ್ ಸಂಸ್ಥೆಯ ಮೂಲಕ ಮನೆಗೆ ಕಾಗದ ಬರೆಯಬಹುದಾಗಿತ್ತು; ಮನೆಯಿಂದ ಬಂದ ಬುತ್ತಿಯ ಗಂಟನ್ನೂ ಪಡೆಯಬಹುದಾಗಿತ್ತು. ಸೋವಿಯತ್ ಸೈನಿಕರಿಗೆ ಆ ಭಾಗ್ಯವಿರಲಿಲ್ಲ. ಸೆರೆಯಾಳುಗಳನ್ನು ಕುರಿತ 1929ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೋವಿಯತ್ ಸರಕಾರವು ಸಹಿ ಹಾಕಿರಲಿಲ್ಲ. ಅದನ್ನೇ ನೆಪಮಾಡಿಕೊಂಡು ಹಿಟ್ಲರನ ಅಧಿಕಾರಿಗಳು ಅವರನ್ನು ಮನುಷ್ಯರೆಂದೂ ಕಾಣಲಿಲ್ಲ. ಜರ್ಮನರಿಗೆ ಸೆರೆಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಹಸಿವು, ಚಳಿ, ರೋಗ, ಗುಂಡಿನೇಟುಗಳಿಂದ ಸತ್ತರು. ಇದು ಒಂದು ಕಡೆಯ ಕಷ್ಟ. ಇನ್ನೊಂದು ಕಡೆ, ಅವರ ಸ್ವಂತ ದೇಶವೂ ಅವರನ್ನು ಕೈಬಿಟ್ಟಿತ್ತು. 1941ರ ಆಗಸ್ಟಿನಲ್ಲಿ ಸ್ಟಾಲಿನ್ ಹೊರಡಿಸಿದ ಆಜ್ಞೆಯ ಪ್ರಕಾರ, ಶತ್ರುವಿಗೆ ಶರಣಾಗುವ ಅಧಿಕಾರಿಯು ದ್ರೋಹಿ. ಅವನ ಮನೆಯವರೂ ಬಂಧನಕ್ಕೆ ಗುರಿಯಾಗತಕ್ಕವರು. ಸೆರೆಸಿಕ್ಕ ಯೋಧನು ಹೀಗೆ ಎರಡು ಕಡೆಯಿಂದಲೂ ಪರಿತ್ಯಕ್ತನು. ಜಲೀಲನಿದ್ದ ಸೇನೆಯ ನಾಯಕನಾದ ಜನರಲ್ ವ್ಲಾಸೊವನೇ ಆ ಬೇಸಗೆಯಲ್ಲಿ ಸೆರೆಯಾಗಿ, ಜರ್ಮನರ ಪಕ್ಷವನ್ನು ಸೇರಿದುದರಿಂದ ಆ ದಳದವರ ಮೇಲಿನ ಸಂಶಯವು ಇಮ್ಮಡಿಯಾಯಿತು.

ಜಲೀಲನನ್ನು ಒಂದು ಶಿಬಿರದಿಂದ ಇನ್ನೊಂದಕ್ಕೆ ಸಾಗಿಸಿದರು. ಅವನು ತನ್ನ ನಿಜವಾದ ಹೆಸರನ್ನು ಮರೆಸಿ ಗುಮೆರೊವ್ ಎಂದು ಹೇಳಿಕೊಂಡನು. ಆ ಕಾಲಕ್ಕೆ ಜರ್ಮನರು ಒಂದು ಹೂಟ ಹೂಡಿದ್ದರು. ವೋಲ್ಗಾ ತೀರದ ತಾತಾರ್, ಬಷ್ಕೀರ್ ಮುಂತಾದ ಜನಾಂಗಗಳ ಸೆರೆಯಾಳುಗಳನ್ನು ಸೇರಿಸಿ ಇದೆಲ್-ಉರಾಲ್ ದಳವೆಂಬ ಸೈನ್ಯವನ್ನು ಕಟ್ಟಿ, ಅವರನ್ನು ಅವರ ದೇಶದ ಮೇಲೆಯೇ ಎತ್ತಿಕಟ್ಟಬೇಕೆಂಬುದು ಅವರ ಉದ್ದೇಶ. ಇದೆಲ್ ಎಂದರೆ ತಾತಾರ್ ನುಡಿಯಲ್ಲಿ ವೋಲ್ಗಾ ನದಿ. ದಳವನ್ನು ಸೇರಿದರೆ ಅನ್ನವುಂಟು, ಬಟ್ಟೆಯುಂಟು. ಸೇರದಿದ್ದರೆ ಶಿಬಿರದ ಹಸಿವು. ಜಲೀಲನು ಸೇರಿದನು. ಆದರೆ ಅವನ ಉದ್ದೇಶವು ಬೇರೆಯಾಗಿತ್ತು.

ದಳದೊಳಗೆ ಆಗಲೇ ಒಂದು ಗುಪ್ತಸಂಘವು ಏರ್ಪಟ್ಟಿತ್ತು. ಗೈನಾನ್ ಕುರ್ಮಾಷ್ ಅದರ ಮುಂದಾಳುಗಳಲ್ಲಿ ಒಬ್ಬನು. ಅಬ್ದುಲ್ಲಾ ಅಲೀಷ್ ಎಂಬ ಪ್ರಸಿದ್ಧ ಮಕ್ಕಳ ಸಾಹಿತಿ, ಅಹ್ಮೆತ್ ಸಿಮಾಯೆವ್ ಎಂಬ ಪತ್ರಕರ್ತ ಮುಂತಾದವರು ಅದರಲ್ಲಿದ್ದರು. ಸೆರೆಯಾಳುಗಳಿಗೆ ಹಾಡು ನಾಟಕಗಳ ಮನರಂಜನೆಯನ್ನು ಏರ್ಪಡಿಸುವ ಕೆಲಸವು ಜಲೀಲನಿಗೆ ಬಂದಿತು. ಈ ನೆಪದಲ್ಲಿ ಅವನು ಶಿಬಿರದಿಂದ ಶಿಬಿರಕ್ಕೆ ಹೋಗಿ, ನಂಬಿಕಸ್ಥರನ್ನು ಗುರುತಿಸಿ, ಸಂಘಕ್ಕೆ ಸೇರಿಸಿಕೊಂಡನು. ಗುಪ್ತಪತ್ರಿಕೆಗಳು ಅಚ್ಚಾಗಿ ಕೈಯಿಂದ ಕೈಗೆ ಹರಿದಾಡಿದವು. ಇಂತಹ ಕಾರ್ಯದ ಫಲವು 1943ರ ಫೆಬ್ರವರಿಯಲ್ಲಿ ಗೋಚರವಾಯಿತು. ಗೆರಿಲ್ಲಾ ಹೋರಾಟಗಾರರನ್ನು ಅಡಗಿಸಲೆಂದು ಬೆಲರೂಸಿನ ವೀತೆಬ್ಸ್ಕ್ ಪ್ರಾಂತ್ಯಕ್ಕೆ ಕಳಿಸಿದ ಈ ದಳದ 825ನೆಯ ತುಕಡಿಯು ಅಲ್ಲಿ ದಂಗೆಯೆದ್ದು, ನೂರಾರು ಮಂದಿ ಆಯುಧಗಳ ಸಮೇತ ಆ ಹೋರಾಟಗಾರರನ್ನೇ ಸೇರಿಕೊಂಡರು. ಹಿಡಿದ ಕೋಲೇ ಹಾವಾಗಿ ತಿರುಗಿತೆಂಬಂತೆ ಜರ್ಮನರಿಗೆ ಆಯಿತು.

ಆದರೆ ಗುಟ್ಟು ಬಹಳ ದಿನ ಉಳಿಯಲಿಲ್ಲ. ಗೂಢಚಾರನೊಬ್ಬನ ಸುಳುವಿನಿಂದ 1943ರ ಆಗಸ್ಟಿನಲ್ಲಿ ಜಲೀಲನೂ ಅವನ ಸಂಗಡಿಗರೂ ಹಿಡಿಯಲ್ಪಟ್ಟರು. ಚಿತ್ರಹಿಂಸೆಯು ನಡೆಯಿತು. ಅನಂತರ ಅವನನ್ನು ಬರ್ಲಿನ್ ನಗರದ ಮೊವಾಬಿಟ್ ಎಂಬ ಕಾರಾಗೃಹಕ್ಕೆ ತಂದು ಹಾಕಿದರು.

ಮೊವಾಬಿಟ್ಟಿನ ಕಲ್ಲುಗೋಡೆಗಳ ನಡುವೆ ಜಲೀಲನ ಬಾಳಿನ ಅತ್ಯುತ್ತಮ ಕೃತಿಯು ರಚಿತವಾಯಿತು. ಕಾಗದವಿಲ್ಲದ ಕಡೆ ಅವನು ಬರೆಯುವ ಕಾಗದವನ್ನು ತಾನೇ ಮಾಡಿಕೊಂಡನು. ಸಿಕ್ಕಿದ ವೃತ್ತಪತ್ರಿಕೆಗಳ ಅಂಚಿನ ಬಿಳಿಯ ಭಾಗವನ್ನು ಕತ್ತರಿಸಿದನು. ಬಿಡಿ ಚೂರುಗಳನ್ನು ಆಯ್ದುಕೊಂಡನು. ಅವನ್ನು ಜೋಡಿಸಿ ಚಿಕ್ಕ ಪುಸ್ತಕಗಳಾಗಿ ಹೊಲಿದನು. ಒಂದು ಪುಟವು ನಾಲ್ಕು ಬೆರಳಿನ ಉದ್ದಕ್ಕಿಂತ ಅಷ್ಟೇನೂ ಹೆಚ್ಚಿರಲಿಲ್ಲ. ಅದರಲ್ಲಿ ಸಣ್ಣ ಅಕ್ಷರಗಳಿಂದ ಒತ್ತೊತ್ತಾಗಿ ಕವನಗಳನ್ನು ಬರೆದನು. ಇವುಗಳಲ್ಲಿ ಒಂದು ಪುಸ್ತಕವು ಅವನು ಬಾಲ್ಯದಲ್ಲಿ ಕಲಿತ ಅರಬ್ಬೀ ಲಿಪಿಯಲ್ಲಿದೆ, ಇನ್ನೊಂದು ಲ್ಯಾಟಿನ್ ಲಿಪಿಯಲ್ಲಿದೆ. ಆ ಎರಡನೆಯದರ ಮೇಲೆ, ಅದು ಜರ್ಮನ್, ತುರ್ಕಿ, ರಷ್ಯನ್ ಭಾಷೆಗಳ ಶಬ್ದಗಳನ್ನು ಕಲಿಯುವ ಪುಸ್ತಕವೆಂದು ತೋರುವ ತಲೆಬರಹವಿದೆ. ಕಾವಲುಗಾರನು ಎತ್ತಿ ನೋಡಿದರೆ, ಭಾಷೆ ಕಲಿಯುವ ಸೆರೆಯಾಳಿನ ನಿರಪಾಯಕರವಾದ ಕಾಗದವೆಂದು ಬಿಟ್ಟುಬಿಡಬೇಕು, ಅಷ್ಟೇ.

ಆ ಕವನಗಳಲ್ಲಿ ಶತ್ರುವಿನ ಮೇಲಿನ ರೋಷವಿದೆ, ಮರಣವನ್ನು ಎದುರುಗೊಳ್ಳುವ ಧೈರ್ಯವಿದೆ. ಆದರೆ ಅಷ್ಟೇ ಇದ್ದಿದ್ದರೆ ಅವು ಇಷ್ಟು ಕಾಲ ಬಾಳುತ್ತಿರಲಿಲ್ಲ. ಊರಿನ ಹೂವು, ಹಳ್ಳಿಯ ಹೊಳೆ, ಮಕ್ಕಳಾಟ, ಹೆಂಡತಿಯ ನೆನಪು, ನಗೆಯ ಚಟಾಕಿ ಕೂಡ ಅಲ್ಲಿವೆ. ಕೊರಳಿನ ಮೇಲೆ ಕತ್ತಿ ತೂಗುತ್ತಿದ್ದಾಗಲೂ ನಗಬಲ್ಲವನು ಆ ಕವಿ.

ಅರಬ್ಬೀ ಲಿಪಿಯ ಪುಸ್ತಕದಲ್ಲಿ, ಮುಂದೆ ಎಂದೋ ಅದನ್ನು ಓದಬಹುದಾದ ಅಪರಿಚಿತ ಮಿತ್ರನನ್ನು ಉದ್ದೇಶಿಸಿ ಜಲೀಲನು ಒಂದು ಬಿನ್ನಹವನ್ನು ಬರೆದಿಟ್ಟನು. ತಾನು ಯಾರೆಂಬುದನ್ನೂ ಏತಕ್ಕಾಗಿ ಸೆರೆಯಲ್ಲಿದ್ದೇನೆಂಬುದನ್ನೂ ಅದರಲ್ಲಿ ತಿಳಿಸಿದ್ದಾನೆ. ಸೆರೆಯಲ್ಲಿ 115 ಕವನಗಳನ್ನು ಬರೆದಿರುವುದಾಗಿಯೂ, ಅವೆಲ್ಲ ಹಾಳಾಗಬಹುದೆಂಬ ಚಿಂತೆಯಿಂದ 60ನ್ನಾದರೂ ನಕಲು ಮಾಡಲು ಯತ್ನಿಸಿರುವುದಾಗಿಯೂ ಹೇಳಿದ್ದಾನೆ. ಪುಸ್ತಕವು ಕೈಗೆ ಬಂದರೆ ಕವನಗಳನ್ನು ಚೊಕ್ಕಟವಾಗಿ ಬರೆದು ಕಾಪಾಡಿ, ಯುದ್ಧವು ಮುಗಿದ ಮೇಲೆ ತನ್ನ ಜನರಿಗೆ ತಲಪಿಸಬೇಕೆಂದು ಬೇಡಿಕೊಂಡಿದ್ದಾನೆ. ಪ್ರಾಣವನ್ನು ಉಳಿಸಿರೆಂದು ಅವನು ಯಾರನ್ನೂ ಬೇಡಲಿಲ್ಲ. ಕವಿತೆಯನ್ನು ಉಳಿಸಿರೆಂದು ಬೇಡಿದನು.

ಸೆರೆಮನೆಯ ಕೋಣೆಯಲ್ಲಿ ಅವನಿಗೆ ಜೊತೆಗಾರನಾಗಿ ದೊರೆತವನು ಆಂದ್ರೆ ತಿಮ್ಮರ್‌ಮನ್ಸ್. ಅವನು ಬೆಲ್ಜಿಯಂ ದೇಶದವನು. ತನ್ನ ನಾಡನ್ನು ಆಕ್ರಮಿಸಿದ ಜರ್ಮನರ ವಿರುದ್ಧ ಗುಪ್ತವಾಗಿ ಹೋರಾಡಿ ಸಿಕ್ಕಿಬಿದ್ದವನು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರ ಮತವೂ ಬೇರೆ, ದೇಶವೂ ಬೇರೆ. ಅಲ್ಪಸ್ವಲ್ಪ ಜರ್ಮನ್ ಶಬ್ದಗಳೇ ಅವರ ಸ್ನೇಹದ ಸೇತುವೆಯಾದವು. ಜಲೀಲನು ಒಂದು ಪುಸ್ತಕವನ್ನು ಆ ಮಿತ್ರನ ಕೈಯಲ್ಲಿಟ್ಟನು. ಅದರಲ್ಲಿದ್ದ ಒಂದಕ್ಷರವೂ ತಿಮ್ಮರ್‌ಮನ್ಸನಿಗೆ ತಿಳಿಯದು. ಆದರೂ ಅದನ್ನು ಕಾಪಾಡುವ ಭಾರವನ್ನು ಹೊತ್ತನು.

1944ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ನಗರದಲ್ಲಿ ವಿಚಾರಣೆಯು ನಡೆಯಿತು. ಜರ್ಮನ್ ಸೇನಾಬಲವನ್ನು ಕುಂದಿಸಲು ಯತ್ನಿಸಿದರೆಂಬ ಅಪರಾಧಕ್ಕಾಗಿ ಜಲೀಲನಿಗೂ ಅವನ ಸಂಗಡಿಗರಿಗೂ ಮರಣದಂಡನೆ ವಿಧಿಸಲ್ಪಟ್ಟಿತು. ಆರು ತಿಂಗಳು ಅವರು ಸಾವನ್ನು ಎದುರುನೋಡುತ್ತ ಕಳೆದರು. 1944ನೆಯ ಇಸವಿ ಆಗಸ್ಟ್ 25ರಂದು, ಬರ್ಲಿನ್ನಿನ ಪ್ಲೋಟ್ಸೆನ್ಸೆ ಸೆರೆಮನೆಯಲ್ಲಿ, ಮಧ್ಯಾಹ್ನದ ಅರ್ಧ ಗಂಟೆಯ ಅವಧಿಯಲ್ಲಿ ಹನ್ನೊಂದು ಮಂದಿಯ ಶಿರಚ್ಛೇದವಾಯಿತು. ಜಲೀಲ್, ಕುರ್ಮಾಷ್, ಅಲೀಷ್, ಸಿಮಾಯೆವ್ ಎಲ್ಲರೂ ಅದರಲ್ಲಿ ಸೇರಿದ್ದರು. ಜಲೀಲನಿಗೆ ಆಗ ಮೂವತ್ತೆಂಟು ವರ್ಷ. ಅದೇ ದಿನ, ದೂರದ ಪಶ್ಚಿಮದಲ್ಲಿ, ಪ್ಯಾರಿಸ್ ನಗರವು ಜರ್ಮನರಿಂದ ಬಿಡುಗಡೆ ಹೊಂದಿತು. ಇನ್ನೊಂದು ಎಂಟು ತಿಂಗಳು ಬದುಕಿದ್ದರೆ ಹಿಟ್ಲರನ ಪತನವನ್ನು ಅವನು ಕಣ್ಣಾರೆ ಕಾಣುತ್ತಿದ್ದನು.

ಇಲ್ಲಿಗೆ ಕಥೆಯು ಮುಗಿಯಬೇಕಾಗಿತ್ತು. ಆದರೆ ಮನುಷ್ಯನ ಕೀರ್ತಿಗೆ ಬಂದ ಆಪತ್ತು ಇನ್ನು ಮುಂದಿನದು. ಯುದ್ಧವು ಮುಗಿದಾಗ ಸೋವಿಯತ್ ಗುಪ್ತಚಾರ ಇಲಾಖೆಗೆ ತಿಳಿದದ್ದು ಒಂದೇ ಸಂಗತಿ: ಮೂಸಾ ಜಲೀಲನು ಸೆರೆಸಿಕ್ಕಿ ಜರ್ಮನರ ದಳವನ್ನು ಸೇರಿದ್ದನು. 1946ರಲ್ಲಿ ಅವನ ಮೇಲೆ ದೇಶದ್ರೋಹದ ಆರೋಪ ಹೊರಿಸಿ ಶೋಧನೆಯನ್ನು ಆರಂಭಿಸಿದರು. ಸತ್ತು ಎರಡು ವರ್ಷವಾದವನನ್ನು, ಪರದೇಶದಲ್ಲಿ ಅಡಗಿ ಬದುಕಿದ್ದಾನೆಂದು ಭಾವಿಸಿ ಹುಡುಕಿದರು. ಆಮಿನಾಳನ್ನು ಕರೆಸಿ ಪ್ರಶ್ನಿಸಿದರು. ಜಲೀಲನ ಹೆಸರನ್ನು ಎತ್ತುವವರಿಲ್ಲವಾಯಿತು. ಅವನ ಪುಸ್ತಕಗಳು ಗ್ರಂಥಾಲಯಗಳಿಂದ ಮರೆಯಾದವು. ತಂದೆ ಬರೆದ ಕವನಗಳನ್ನು ಮಗಳು ಶಾಲೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಅದೇ ಕಾಲದಲ್ಲಿ ಸಾಕ್ಷ್ಯಗಳು ಒಂದೊಂದಾಗಿ ನಡೆದು ಬರುತ್ತಿದ್ದವು. 1945ರ ವಸಂತದಲ್ಲಿ ಬರ್ಲಿನ್ನನ್ನು ಹೊಕ್ಕ ಸೋವಿಯತ್ ಸೈನಿಕರಿಗೆ ಮೊವಾಬಿಟ್ ಸೆರೆಮನೆಯ ಕಾಗದಗಳ ರಾಶಿಯಲ್ಲಿ ಪುಸ್ತಕದ ಒಂದು ಹಾಳೆಯು ದೊರೆಯಿತು. ತಾನು ತಾತಾರ್ ಕವಿ ಮೂಸಾ ಜಲೀಲ್, ಈ ಸೆರೆಯಲ್ಲಿದ್ದೇನೆ, ಬಹುಶಃ ಬೇಗನೆ ಕೊಲ್ಲಲ್ಪಡುವೆನು ಎಂಬ ಸಂಗತಿಯನ್ನು ಅವನು ಅದರ ಮೇಲೆ ಬರೆದಿದ್ದನು. 1946ರಲ್ಲಿ, ಸೆರೆಯಿಂದ ಬದುಕಿ ಬಂದ ನಿಗ್ಮತ್ ತೆರೆಗುಲೊವ್ ಎಂಬವನು ಅರಬ್ಬೀ ಲಿಪಿಯ ಪುಸ್ತಕವನ್ನು ಕಜಾನಿನ ಲೇಖಕರ ಸಂಘಕ್ಕೆ ತಂದೊಪ್ಪಿಸಿದನು. ಅದಕ್ಕೆ ಅವನಿಗೆ ದೊರೆತದ್ದು ಸನ್ಮಾನವಲ್ಲ. ಸ್ವಲ್ಪ ಕಾಲದಲ್ಲಿಯೇ ಅವನೂ ಬಂಧಿತನಾಗಿ, ತನ್ನ ದೇಶದ ಸೆರೆಶಿಬಿರದಲ್ಲಿಯೇ ಮಡಿದನು. ಶತ್ರುವಿನ ಸೆರೆಯಿಂದ ಪಾರಾಗಿ ಬಂದವನು ಮಿತ್ರರ ಸೆರೆಯಿಂದ ಪಾರಾಗಲಿಲ್ಲ. ಜಲೀಲನ ಕೀರ್ತಿಯನ್ನು ನೆನೆಯುವವರು ತೆರೆಗುಲೊವನನ್ನು ಮರೆಯಬಾರದು.

1947ರಲ್ಲಿ ಎರಡನೆಯ ಪುಸ್ತಕವು ಬಂದಿತು. ಬದುಕಿ ಊರು ಸೇರಿದ ತಿಮ್ಮರ್‌ಮನ್ಸನು ಕೊಟ್ಟ ಮಾತನ್ನು ಮರೆತಿರಲಿಲ್ಲ. ಬ್ರಸೆಲ್ಸ್ ನಗರದ ಸೋವಿಯತ್ ರಾಯಭಾರ ಕಚೇರಿಯ ಮೂಲಕ ಆ ಪುಸ್ತಕವನ್ನು ಕಳಿಸಿಕೊಟ್ಟನು. ಓದಲಾಗದ ಪುಸ್ತಕವೊಂದನ್ನು, ಪರಿಚಯವಿಲ್ಲದ ಜನಾಂಗಕ್ಕಾಗಿ, ಗೆಳೆಯನೊಬ್ಬನ ಮಾತಿಗಾಗಿ ಅವನು ಕಾಪಾಡಿದ್ದನು.

ಆದರೂ ಪುಸ್ತಕಗಳು ಕೆಲವು ವರ್ಷ ಕಡತಗಳಲ್ಲಿಯೇ ಬಿದ್ದಿದ್ದವು. ಬರವಣಿಗೆಯು ಜಲೀಲನದೇ ಎಂಬುದನ್ನು ಅವನ ಗೆಳೆಯರು ಬಲ್ಲರು. ಅವರು ಪ್ರಯತ್ನವನ್ನು ಬಿಡಲಿಲ್ಲ. 1953ರ ಮಾರ್ಚಿಯಲ್ಲಿ ಸ್ಟಾಲಿನ್ ತೀರಿಕೊಂಡನು. ಏಪ್ರಿಲ್ ತಿಂಗಳಲ್ಲಿ, ರಷ್ಯಾದ ಹೆಸರಾಂತ ಸಾಹಿತಿ ಕೊನ್‌ಸ್ತಾಂತಿನ್ ಸೀಮನೊವನು ಮಾಸ್ಕೋದ ಸಾಹಿತ್ಯ ಪತ್ರಿಕೆಯಲ್ಲಿ ಮೊವಾಬಿಟ್ ಕವನಗಳ ಅನುವಾದಗಳನ್ನು ಪ್ರಕಟಪಡಿಸಿದನು. ಸತ್ಯವು ಮೆಲ್ಲಮೆಲ್ಲನೆ ಹೊರಬಿದ್ದಿತು. 1956ನೆಯ ಇಸವಿ ಫೆಬ್ರವರಿ 2ರಂದು ಜಲೀಲನಿಗೆ ಮರಣೋತ್ತರವಾಗಿ ಸೋವಿಯತ್ ಒಕ್ಕೂಟದ ವೀರನೆಂಬ ಅತ್ಯುನ್ನತ ಬಿರುದನ್ನು ಕೊಟ್ಟರು. 1957ರಲ್ಲಿ ಮೊವಾಬಿಟ್ ಕವನಗಳಿಗೆ ಲೆನಿನ್ ಪಾರಿತೋಷಕವು ದೊರೆಯಿತು. ಹತ್ತು ವರ್ಷಗಳ ಹಿಂದೆ ಅಪರಾಧಿಗಳ ಪಟ್ಟಿಯಲ್ಲಿದ್ದ ಹೆಸರು ವೀರರ ಪಟ್ಟಿಗೆ ಬಂದಿತು. ಇದಕ್ಕೆ ಸಾಕ್ಷಿ ನುಡಿದವರು ದೊಡ್ಡ ಅಧಿಕಾರಿಗಳಲ್ಲ. ಹರಕು ಕಾಗದದ ಎರಡು ಪುಸ್ತಕಗಳು, ಅವನ್ನು ಕಾಪಾಡಿದ ಕೆಲವು ಸಾಮಾನ್ಯ ಮನುಷ್ಯರು.

ಇಂದು ಕಜಾನ್ ನಗರದ ಕೋಟೆಯ ಮುಂದೆ, ಮುಳ್ಳುತಂತಿಯ ಬಂಧನವನ್ನು ಹರಿದುಕೊಂಡು ತಲೆಯೆತ್ತಿ ನಿಲ್ಲುವ ಜಲೀಲನ ಪ್ರತಿಮೆಯಿದೆ. ಅದು 1966ರಲ್ಲಿ ಸ್ಥಾಪಿತವಾಯಿತು. ಅವನ ಹತ್ತು ಮಂದಿ ಸಂಗಡಿಗರ ಮುಖಗಳನ್ನೂ ಅನಂತರ ಅದರ ಬಳಿಯಲ್ಲಿ ಕೆತ್ತಿ ನಿಲ್ಲಿಸಿದರು. ಆ ನಗರದ ಗೇಯನಾಟಕ ಮಂದಿರಕ್ಕೆ ಅವನ ಹೆಸರನ್ನಿಟ್ಟಿದ್ದಾರೆ. ಅವನು ವಾಸವಾಗಿದ್ದ ಮನೆಯು 1983ರಿಂದ ವಸ್ತುಸಂಗ್ರಹಾಲಯವಾಗಿದೆ. ಆಕಾಶದಲ್ಲಿ ಸಂಚರಿಸುವ ಒಂದು ಕ್ಷುದ್ರಗ್ರಹಕ್ಕೂ ಖಗೋಳಶಾಸ್ತ್ರಜ್ಞರು ಅವನ ಹೆಸರನ್ನಿಟ್ಟಿದ್ದಾರೆ. ಅವನನ್ನು ಕೊಂದ ಪ್ಲೋಟ್ಸೆನ್ಸೆ ಸೆರೆಮನೆಯ ಆ ಕೊಠಡಿಯು ಇಂದು ಸ್ಮಾರಕವಾಗಿದೆ. 1933ರಿಂದ 1945ರವರೆಗೆ ಅಲ್ಲಿ 2800ಕ್ಕೂ ಹೆಚ್ಚು ಮಂದಿಯನ್ನು ಕೊಂದ ಸರಕಾರವು ಇಂದು ಇಲ್ಲ. ಜಲೀಲನಿಗೆ ಮೊದಲು ಕಳಂಕವನ್ನೂ ಅನಂತರ ಬಿರುದನ್ನೂ ಕೊಟ್ಟ ಸೋವಿಯತ್ ಒಕ್ಕೂಟವೂ 1991ರಲ್ಲಿ ಅಳಿಯಿತು. ಅಂಗೈಯಗಲದ ಪುಸ್ತಕಗಳಲ್ಲಿನ ಕವನಗಳು ಮಾತ್ರ ತಾತಾರ್ ಮಕ್ಕಳ ನಾಲಗೆಯ ಮೇಲೆ ಇನ್ನೂ ನಲಿಯುತ್ತಿವೆ.

ವಿದ್ಯಾರ್ಥಿ ಮಿತ್ರರೇ, ಜಲೀಲನ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಕೇವಲ ಶೌರ್ಯವಲ್ಲ. ಒಬ್ಬ ಮನುಷ್ಯನನ್ನು ಕುರಿತು ನಾಲ್ಕು ಮಂದಿ ಕೆಟ್ಟದ್ದನ್ನು ಆಡಿದಾಗ, ನಿಜಾಂಶವು ತಿಳಿಯುವವರೆಗೆ ತಾಳ್ಮೆಯಿಂದಿರಬೇಕೆಂಬುದು ಒಂದು ಪಾಠ. ಕೈಯಲ್ಲಿಟ್ಟುಹೋದ ವಸ್ತುವನ್ನು, ಅದರ ಬೆಲೆ ತನಗೆ ತಿಳಿ್ಯದಿದ್ದರೂ, ಒಡೆಯನ ಮನೆಗೆ ಮುಟ್ಟಿಸಬೇಕೆಂಬುದು ತಿಮ್ಮರ್‌ಮನ್ಸನಿಂದ ಕಲಿಯುವ ಪಾಠ. ಮೂರನೆಯದು ನಮಗೆ ಇನ್ನೂ ಹತ್ತಿರದ್ದು. ಪರಭಾಷೆಯ ನಗರದಲ್ಲಿ ಬಾಳಿದ ಆ ಕವಿ, ಸುತ್ತಲೂ ಶತ್ರುವಿನ ಭಾಷೆಯೇ ಕೇಳಿಸುತ್ತಿದ್ದ ಸೆರೆಮನೆಯಲ್ಲಿಯೂ, ತೊಟ್ಟಿಲಲ್ಲಿ ಕೇಳಿದ ನುಡಿಯಲ್ಲಿಯೇ ತನ್ನ ಕೊನೆಯ ಮಾತನ್ನು ಬರೆದನು. ನಮ್ಮ ಮನೆಗಳಲ್ಲಿಯೂ ಹಿರಿಯರು ಊರಿನಿಂದ ಬರೆದ ಹಳೆಯ ಕಾಗದಗಳು ಪೆಟ್ಟಿಗೆಗಳಲ್ಲಿ ಇದ್ದಾವು. ಅವುಗಳನ್ನು ಹರಿದು ಎಸೆಯದೆ, ಒಮ್ಮೆ ಬಿಡಿಸಿ ಓದೋಣ. ಅವುಗಳನ್ನು ಓದಲು ಬೇಕಾದ ಲಿಪಿಯನ್ನೂ ನುಡಿಯನ್ನೂ ಈ ಶಾಲೆಯು ನಮಗೆ ಕಲಿಸಿದೆ.